ಬಚ್ಚಲುಮನೆಯಿಂದ ಪಾಠಕ್ಕೆ ಬಂದ ಮೂರ್ಛೆ

ತಲೆಗೆ ಬಿಸಿನೀರು ಸುರಿದುಕೊಂಡರೆ ಕೆಲವರಿಗೆ ಫಿಟ್ಸ್ ಬರುತ್ತದೆ! ಹೌದು, ಬರೀ ಬಿಸಿನೀರು. ಚೊಂಬಿನ ಮೇಲೆ ಚೊಂಬು ನೆತ್ತಿಗೆ ಬೀಳುತ್ತಿದ್ದಂತೆ ಮಗುವಿನ ನೋಟ ನಿಂತುಬಿಡುತ್ತದೆ, ಮಾತು ತೊದಲುತ್ತದೆ, ಮೈ ಕುಸಿಯುತ್ತದೆ. ಬೇರೆ ದೇಶಗಳಲ್ಲಿ ಅಪರೂಪದಲ್ಲಿ ಅಪರೂಪವಾದ ಈ ಮೂರ್ಛೆ ನಮ್ಮ ಹಳೇ ಮೈಸೂರು ಸೀಮೆಯಿಂದ ಬೆಂಗಳೂರಿನ ವಾರ್ಡುಗಳಿಗೆ ಮತ್ತೆಮತ್ತೆ ಬರುತ್ತಿತ್ತು. ಡಾ. ಕೆ.ಎಸ್. ಮಣಿ ಅದರ ಬೆನ್ನುಹತ್ತಿದರು. 1988ರಲ್ಲಿ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರವನ್ನು ಜಗತ್ತಿನ ಮುಂದಿಟ್ಟರು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ನರರೋಗಶಾಸ್ತ್ರ ಕಲಿಯಲು ಬಂದವರಿಗೆ ಇದಕ್ಕಿಂತ ದೊಡ್ಡ ಪಾಠ ಯಾವ ಪುಸ್ತಕದಲ್ಲಿ ಸಿಕ್ಕೀತು?

ಆ ಕಲಿಕೆಯ ಬೇರು ಹುಡುಕುತ್ತ ಹೋದರೆ ಬೆರಗು ಇನ್ನೂ ಹೆಚ್ಚುತ್ತದೆ. ಸ್ವಾತಂತ್ರ್ಯ ಬಂದ ಹೊತ್ತಿಗೆ ಈ ವಿದ್ಯೆ ಬೇಕೆಂದವರು ಹಡಗು ಹತ್ತಬೇಕಿತ್ತು. ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಅವರ ಬಳಿ ಪಳಗಿದ ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿಗೆ ಬಂದು ನರಶಸ್ತ್ರಚಿಕಿತ್ಸೆಯ ವಿಭಾಗ ತೆರೆದರು. ನರರೋಗದ ಕಡೆ ನೋಡಿಕೊಳ್ಳಲು ಬಲದೇವ್ ಸಿಂಗ್ ಜೊತೆಯಾದರು. 1951ರಲ್ಲಿ ನಾಲ್ವರೇ ನಾಲ್ವರು ವೈದ್ಯರು ಸೇರಿ ಭಾರತೀಯ ನರವಿಜ್ಞಾನ ಸಂಘ ಕಟ್ಟಿದರು. ಇಡೀ ದೇಶಕ್ಕೆ ನಾಲ್ವರು!

ಬೆಂಗಳೂರಿನದು ಬೇರೆಯೇ ದಾರಿ. 19ನೇ ಶತಮಾನದ ಹುಚ್ಚಾಸ್ಪತ್ರೆ ಮುಂದೆ ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಅದರ ಮಗ್ಗುಲಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು, ಚುಕ್ಕಾಣಿ ಡಾ. ಎಂ.ವಿ. ಗೋವಿಂದಸ್ವಾಮಿ ಅವರ ಕೈಯಲ್ಲಿ. 1974ರ ಡಿಸೆಂಬರ್ 27ರಂದು ಎರಡೂ ಕೂಡಿ ನಿಮ್ಹಾನ್ಸ್ ಆದವು. ಮೊದಲ ನಿರ್ದೇಶಕರು ನರಶಸ್ತ್ರಚಿಕಿತ್ಸಕ ಡಾ. ಆರ್.ಎಂ. ವರ್ಮ.

ಈ ಕೂಡಿಕೆಯಲ್ಲೇ ಇದೆ ಚಮತ್ಕಾರ. ಎಂ.ಡಿ. ಮುಗಿಸಿ ನರರೋಗಶಾಸ್ತ್ರದ ಮೂರು ವರ್ಷದ ಡಿ.ಎಂ. ಪದವಿಗೆ ಬಂದವರಿಗೆ ನರರೋಗ, ಮನೋರೋಗ, ಶಸ್ತ್ರಚಿಕಿತ್ಸೆ, ಮಿದುಳಿನ ಅಂಗಾಂಶ ಪರೀಕ್ಷೆ ಎಲ್ಲವೂ ಒಂದೇ ಆವರಣದಲ್ಲಿ. ಮೂರ್ಛೆಯೋ ಮನಸ್ಸಿನ ನೋವೋ ಎಂಬ ಸಂಶಯ ಬಂದರೆ ಪಕ್ಕದ ಕಟ್ಟಡದವರನ್ನೇ ಕೇಳಬಹುದು! ಒಂದೇ ಕೈ ಸಣಕಲಾಗುತ್ತ ಬರುವ ಯುವಕರನ್ನು ಡಾ. ಗೌರಿದೇವಿ ಗಮನವಿಟ್ಟು ನೋಡಿ, ಆ ಕಾಯಿಲೆಗೊಂದು ಹೆಸರು ಕೊಟ್ಟದ್ದೂ ಇಲ್ಲಿಯೇ. ಮೊದಲು ರೋಗಿಯನ್ನು ಕಣ್ತುಂಬ ನೋಡು, ಆಮೇಲೆ ಪುಸ್ತಕ ತೆರೆ: ಈ ಶಾಲೆಯ ನಿಜವಾದ ಆಸ್ತಿ ಅದೇ ಎಂದು ನಾನು ನಂಬಿದ್ದೇನೆ.

ಡಾ. ಎಸ್.ಕೆ. ಶಂಕರ್ ಕಟ್ಟಿ ಬೆಳೆಸಿದ ಮಿದುಳಿನ ಸಂಗ್ರಹಾಲಯವೂ ಅಲ್ಲಿದೆ, ಸಾರ್ವಜನಿಕರಿಗೂ ತೆರೆದಿದೆ. ಮಾನವನ ಮಿದುಳನ್ನು ಮುಟ್ಟಿಯೇ ನೋಡಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.