ಗ್ಯಾಲರಿಯ ತುಳಸಿ, ಕಾಡಿನ ಬೇರು

ಅಪ್ಪಯ್ಯ, ಅಮ್ಮ ಕುಂದಾಪುರದ ಮನೆಗೆ ಬೀಗ ಹಾಕಿ ನಮ್ಮೊಡನೆ ಡೊಂಬಿವಲಿಯಲ್ಲಿ ಇರಲು ಬಂದಾಗ, ಅಮ್ಮ ಅಂಗಳದ ಕಟ್ಟೆಯಿಂದ ಎರಡು ತುಳಸಿ ಸಸಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಗ್ಯಾಲರಿಯ ಕುಂಡದಲ್ಲಿ ಅವು ಚೆನ್ನಾಗಿಯೇ ಚಿಗುರಿದವು. ಆದರೆ ಒಂದು ದಿನ ಅಮ್ಮ ಎಲೆಯೊಂದನ್ನು ಹೊಸಕಿ ಮೂಸಿ, “ಊರಿನ ಪರಿಮಳವೇ ಇಲ್ಲ ಅಲ್ದಾ ಮಗಾ?” ಎಂದರು.

ಮುಂಬಯಿ ನೀರಿನ ದೋಷವೆಂದು ನಾನು ನಕ್ಕುಬಿಟ್ಟೆ. ದೋಷ ನೀರಿನದಾಗಿರಲಾರದು, ಬಿಸಿಲಿನದಿರಬಹುದೆಂದು ಆಮೇಲೆ ಓದಿ ತಿಳಿಯಿತು. ಎದುರಿನ ಎತ್ತರದ ಕಟ್ಟಡದಿಂದಾಗಿ ನಮ್ಮ ಗ್ಯಾಲರಿಗೆ ಹಗಲೆಲ್ಲ ನೆರಳೇ. ತುಳಸಿಯ ಕುಲಕ್ಕೆ ಸೇರಿದ ಕಾಮಕಸ್ತೂರಿಯನ್ನು ಬೇರೆ ಬೇರೆ ಪ್ರಮಾಣದ ಬೆಳಕಿನಲ್ಲಿ ಬೆಳೆಸಿ ನೋಡಿದವರಿದ್ದಾರೆ. ಬೆಳಕು ಹೆಚ್ಚಿದಷ್ಟೂ ಎಲೆಯಲ್ಲಿ ಯೂಜಿನಾಲ್ ಮುಂತಾದ ಸುಗಂಧ ತೈಲಗಳು ಹೆಚ್ಚಿದವು. ದಟ್ಟ ನೆರಳಿನಲ್ಲಿ ಅವು ಕಡಿಮೆಯಾದವು, ತೈಲದ ಗುಣವೂ ಬದಲಾಯಿತು. ಲವಂಗಕ್ಕೆ ಘಾಟು ಕೊಡುವುದೂ ಇದೇ ಯೂಜಿನಾಲ್. ಗಿಡವು ಇವನ್ನು ನಮ್ಮ ಕಷಾಯಕ್ಕೆಂದು ತಯಾರಿಸುವುದಿಲ್ಲ. ಹುಳು, ರೋಗಗಳಿಂದ ತನ್ನನ್ನು ಕಾಪಾಡಿಕೊಳ್ಳಲು ತಯಾರಿಸುತ್ತದೆ. ಬಿಸಿಲು, ಮಣ್ಣು, ನೀರು, ಗಿಡದ ವಯಸ್ಸು, ಕೊಯ್ಯುವ ಕಾಲ – ಇವು ಬದಲಾದರೆ ಅದರ ಸತ್ವವೂ ಬದಲಾಗುತ್ತದೆ.

ತುಳಸಿಯ ಪರಿಮಳ ಕುಗ್ಗಿದರೆ ದೊಡ್ಡ ನಷ್ಟವೇನಿಲ್ಲ. ಆದರೆ ಬಲವಾದ ಮದ್ದಿನ ವಿಷಯದಲ್ಲಿ ಹೀಗಾದರೆ ಏನಾದೀತೆಂಬುದನ್ನು ನಾವು ಮನೆಯಲ್ಲೇ ಕಂಡೆವು.

ಅಪ್ಪಯ್ಯನಿಗೆ ರಕ್ತದೊತ್ತಡ. ಮಾತ್ರೆ ನುಂಗಿ ಬೇಸತ್ತಿದ್ದ ಅವರಿಗೆ ಊರಿನ ಪರಿಚಿತರೊಬ್ಬರು ಸರ್ಪಗಂಧಿಯ ಬೇರಿನ ಪುಡಿ ತಂದುಕೊಟ್ಟರು. ನಮಗಾರಿಗೂ ಹೇಳದೆ ಅವರು ಮಾತ್ರೆ ಬಿಟ್ಟು ಪುಡಿ ಹಿಡಿದರು. ಒಂದು ತಿಂಗಳು ಏನೂ ಆಗಲಿಲ್ಲ. ಪುಡಿ ಮುಗಿದಾಗ ಇಲ್ಲಿಯ ಅಂಗಡಿಯೊಂದರಿಂದ ತರಿಸಿಕೊಂಡರು. ಹೆಸರು ಅದೇ, ಚಮಚವೂ ಅದೇ. ಎರಡು ವಾರವಾಗುವಷ್ಟರಲ್ಲಿ ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದವರು ತಲೆ ತಿರುಗಿ ಬಿದ್ದರು. ಹಣೆಗೆ ನಾಲ್ಕು ಹೊಲಿಗೆ.

ಡಾಕ್ಟರರು ಗದರಲಿಲ್ಲ. “ರಾಯರೇ, ಆ ಬೇರು ಎಷ್ಟು ವರ್ಷದ ಗಿಡದ್ದು? ಯಾವ ತಿಂಗಳಲ್ಲಿ ಅಗೆದದ್ದು? ತೊಗಟೆ ಇತ್ತೋ, ಉದುರಿತ್ತೋ?” ಎಂದು ಮಾತ್ರ ಕೇಳಿದರು. ಅಪ್ಪಯ್ಯ ಸುಮ್ಮನಾದರು. ಪುಡಿಯ ಮುಖ ನೋಡಿ ಉತ್ತರ ಹೇಳುವುದು ಯಾರಿಗೂ ಸಾಧ್ಯವಿರಲಿಲ್ಲ.

ಡಾಕ್ಟರರ ಪ್ರಶ್ನೆಗಳಿಗೆ ಕಾರಣವುಂಟು. ಸರ್ಪಗಂಧಿಯ ಸತ್ವವಿರುವುದು ಬಹುಪಾಲು ಬೇರಿನ ತೊಗಟೆಯಲ್ಲಿ. ಎರಡು ಮೂರು ವರ್ಷದ ಗಿಡವನ್ನು ಎಲೆ ಉದುರುವ ಚಳಿಗಾಲದಲ್ಲಿ ಅಗೆದರೆ ಸತ್ವ ಹೆಚ್ಚು. ಎಳೆಯ ಬೇರಿನಲ್ಲಿ, ತೊಗಟೆ ಸುಲಿದುಹೋದ ಬೇರಿನಲ್ಲಿ ಕಡಿಮೆ. ಬೆಳೆದ ಸೀಮೆಗೆ ತಕ್ಕಂತೆಯೂ ವ್ಯತ್ಯಾಸವಾಗುತ್ತದೆ. ಒಂದೇ ಚಮಚದಲ್ಲಿ ಒಮ್ಮೆ ಅರೆ ಮದ್ದು, ಇನ್ನೊಮ್ಮೆ ದುಪ್ಪಟ್ಟು ಮದ್ದು!

ಹಾಗೆಂದು ಬೇರು ನಿಷ್ಪ್ರಯೋಜಕವೆನ್ನುವಂತಿಲ್ಲ. ಇದೇ ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯ ಡಾ. ರುಸ್ತುಮ್ ಜಾಲ್ ವಕೀಲರು ಸರ್ಪಗಂಧಿಯನ್ನು ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು ಕಂಡ ಫಲವನ್ನು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಲೋಕದ ವೈದ್ಯರು ನಮ್ಮ ಬೇರಿನತ್ತ ತಿರುಗಿ ನೋಡಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. 1957ರಲ್ಲಿ ವಕೀಲರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂದಿತು. ಸತ್ವ ಕೈಗೆ ಸಿಕ್ಕಿದ್ದರಿಂದ 0.25 ಮಿಲಿಗ್ರಾಮ್ ಎಂದು ತೂಗಿ ಮಾತ್ರೆ ಮಾಡುವುದು ಸಾಧ್ಯವಾಯಿತು. ಮನಸ್ಸು ಕುಗ್ಗಿಸುವಂಥ ಅಡ್ಡ ಪರಿಣಾಮಗಳಿರುವುದರಿಂದಲೂ ಬೇರೆ ಒಳ್ಳೆಯ ಔಷಧಿಗಳು ಬಂದಿರುವುದರಿಂದಲೂ ಈಗ ಅದರ ಬಳಕೆ ಬಹಳ ಕಡಿಮೆ.

ನಾನು ವೈದ್ಯನಲ್ಲ, ಸರಕಾರಿ ಕಚೇರಿಯ ಗುಮಾಸ್ತ. ಆದರೂ ಊರಿಂದ ಬರುವವರ ಚೀಲದಲ್ಲಿ ನಾರು ಬೇರು ತರಿಸಿಕೊಳ್ಳುವ ನಮ್ಮವರಿಗೆ ಒಂದು ಮಾತು ಹೇಳಬೇಕೆನಿಸಿತು. ನೆಗಡಿಗೆ ತುಳಸಿಯ ಕಷಾಯ ಕುಡಿಯೋಣ. ಚಟ್ನಿ, ತಂಬುಳಿಗೆ ದೊಡ್ಡಪತ್ರೆ ಕೊಯ್ಯೋಣ. ಆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು ಡಾಕ್ಟರರನ್ನು ಕೇಳದೆ ಮಾತ್ರೆ ಬಿಟ್ಟು ಪುಡಿ ಹಿಡಿಯುವುದು ಬೇಡ. ಮನೆಯ ಹಿರಿಯರು ಗುಟ್ಟಾಗಿ ಏನು ತೆಗೆದುಕೊಳ್ಳುತ್ತಿದ್ದಾರೆಂದು ಮಕ್ಕಳು ಪ್ರೀತಿಯಿಂದ ವಿಚಾರಿಸಬೇಕು. ನಾನು ವಿಚಾರಿಸಿರಲಿಲ್ಲ.

ಅಪ್ಪಯ್ಯ ಈಗ ಮಾತ್ರೆಯನ್ನೇ ತೆಗೆದುಕೊಳ್ಳುತ್ತಿದ್ದಾರೆ. ತುಳಸಿಯ ಕುಂಡವನ್ನು ಸೊಸೈಟಿಯ ಒಪ್ಪಿಗೆ ಪಡೆದು ತಾರಸಿಯ ಬಿಸಿಲಿನಲ್ಲಿಟ್ಟಿದ್ದೇವೆ. ಮೊನ್ನೆ ನೀರು ಹಾಕಿ ಬಂದ ಅಮ್ಮ, “ಈಗ ಅಡ್ಡಿಲ್ಲ” ಎಂದರು.