ಬಾಗಿಲಿನ ಬಾಯಿ ಮುಚ್ಚಿಸಿದ ಕಥೆ

ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಲ್ಲಿ ಬಡಿದು ನೋಡುತ್ತಾರೆ. ಠಣ್ ಎಂದರೆ ಗಟ್ಟಿ. ಕಾರಿನ ಬಾಗಿಲಿಗೆ ಈ ಪರೀಕ್ಷೆ ತಿರುಗುಮುರುಗು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದಕ್ಕೆ ಹೊಸ ಸ್ಪೀಕರ್ ಹಾಕಿಸಲು ಹೋದಾಗ, ಅಲ್ಲಿನ ಕೆಲಸಗಾರರು ನಾನು ಕೊಂಡೊಯ್ದ ಸ್ಪೀಕರಿನ ಡಬ್ಬಿ ಬಿಚ್ಚಲೇ ಇಲ್ಲ. ಡೋರ್ ಪ್ಯಾಡ್ ಕಳಚಿ, ಒಳಗಿನ ಪ್ಲಾಸ್ಟಿಕ್ ಹಾಳೆ ಸರಿಸಿ, ಹೊರಮೈಯ ತಗಡನ್ನು ಒಳಗಡೆಯಿಂದ ಕುಟ್ಟಿದರು. ಖಾಲಿ ಬಿಸ್ಕತ್ ಡಬ್ಬದ ಸದ್ದು.

"ಕೇಳಿದ್ರಾ ಸರ್? ಎಷ್ಟು ಸಾವಿರದ ಸ್ಪೀಕರ್ ಹಾಕಿದ್ರೂ ಜೊತೆಗೆ ಇದೂ ಹಾಡುತ್ತೆ. ಮೊದಲು ಡ್ಯಾಂಪಿಂಗ್ ಮಾಡ್ಸಿ."

ವ್ಯಾಪಾರದ ಮಾತು ಎಂದುಕೊಂಡೆ. ಆದರೆ ಅದರ ಹಿಂದೆ ಸುಮಾರು ನೂರು ವರ್ಷದ ಚರಿತ್ರೆಯಿದೆ.

1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬಿಬ್ಬರು, ಸುರುಳಿ ತಂತಿ ಅಲುಗಾಡಿಸುವ ಕಾಗದದ ಕೋನ್ ಸ್ಪೀಕರನ್ನು ಲೋಕದ ಮುಂದಿಟ್ಟರು. ಇವತ್ತಿನ ಕಾರಿನ ಸ್ಪೀಕರೂ ಬಹುಪಾಲು ಅದೇ ಜಾತಿಯದು. ಅದರ ಹುಟ್ಟುಗುಣವೊಂದಿದೆ: ಕೋನ್ ಮುಂದಕ್ಕೆ ಗಾಳಿ ನೂಕಿದಾಗ ಹಿಂದಿನಿಂದ ಅಷ್ಟೇ ಗಾಳಿ ಎಳೆದುಕೊಳ್ಳುತ್ತದೆ. ಮುಂದಿನ ಅಲೆ, ಹಿಂದಿನ ಅಲೆ ಎರಡೂ ಕೂಡಿದರೆ ಒಂದನ್ನೊಂದು ತಿಂದುಹಾಕುತ್ತವೆ, ಅದರಲ್ಲೂ ಬೇಸ್. ಆದ್ದರಿಂದ ನಡುವೆ ಒಂದು ಗೋಡೆ ಬೇಕು. ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆ ಇರುವುದು ಚೆಂದಕ್ಕಲ್ಲ.

ಕಾರಿನಲ್ಲಿ ಆ ಪೆಟ್ಟಿಗೆ ಎಲ್ಲಿ? 1930ರಲ್ಲಿ ಷಿಕಾಗೋದ ಪಾಲ್ ಗಾಲ್ವಿನ್ ತನ್ನ ಕಾರ್ ರೇಡಿಯೊಗೆ 'ಮೋಟೊರೋಲಾ' ಎಂದು ಹೆಸರಿಟ್ಟಾಗ ಈ ಪ್ರಶ್ನೆಯೇ ಇರಲಿಲ್ಲ. ಸ್ಪೀಕರ್ ಒಂದೇ, ಸುದ್ದಿ ಕೇಳಿಸಿದರೆ ಸಾಕಿತ್ತು. 1961ರಲ್ಲಿ ಅಮೆರಿಕದಲ್ಲಿ ಎಫ್‌ಎಂ ಸ್ಟೀರಿಯೊ ಪ್ರಸಾರ ಶುರುವಾಯಿತು. 1966ರ ಮಾದರಿಯ ಫೋರ್ಡ್ ಕಾರುಗಳಿಗೆ ಎಂಟು ಟ್ರ್ಯಾಕಿನ ಟೇಪು ಬಂತು. ಸ್ಟೀರಿಯೊ ಎಂದ ಮೇಲೆ ಎಡಕ್ಕೊಂದು ಬಲಕ್ಕೊಂದು ದನಿ ಬೇಕೇ ಬೇಕು. ಡ್ಯಾಶ್‌ಬೋರ್ಡಿನಲ್ಲಿ ಜಾಗವಿಲ್ಲ. ಹೀಗೆ ಸ್ಪೀಕರ್ ಬಾಗಿಲಿಗೆ ಬಂದು ಕೂತಿತು. ಬೇರೆ ಗತಿಯಿರಲಿಲ್ಲ, ಅಷ್ಟೆ.

ಬಾಗಿಲಾದರೋ ಗಾಜು ಇಳಿಯಲು, ಮಳೆನೀರು ಹರಿದುಹೋಗಲು, ಚಿಲಕ ಕೂರಿಸಲು ಮಾಡಿದ್ದು. ಹೊರತಗಡು ಒಂದು ಮಿಲಿಮೀಟರಿಗಿಂತ ತೆಳು. ಒಳತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ಕಿಂಡಿಗಳು. ಪೆಟ್ಟಿಗೆ ಎನ್ನಲು ಅದಕ್ಕೆ ಯಾವ ಯೋಗ್ಯತೆಯೂ ಇಲ್ಲ.

ಈ ತಗಡಿನ ನಡುಕಕ್ಕೆ ಮದ್ದು, ಅಂದರೆ ಡ್ಯಾಂಪಿಂಗ್, ಬಂದದ್ದು ಸಂಗೀತದವರಿಂದಲ್ಲ, ನಿಶ್ಶಬ್ದ ಬೇಕಾದವರಿಂದ. ಜರ್ಮನಿಯ ಹೆರ್ಮನ್ ಓಬರ್ಸ್ಟ್, ತಗಡಿಗೆ ಮೆತ್ತನೆಯ ಪದಾರ್ಥ ಬಳಿದರೆ ಅದರ ನಡುಕ ಎಷ್ಟು ಬೇಗ ಅಡಗುತ್ತದೆ ಎಂಬುದನ್ನು 1952ರಲ್ಲಿ ಲೆಕ್ಕ ಹಾಕಿ ತೋರಿಸಿದ. ಆ ಬಗೆಯ ಅಳತೆಗೆ ಬಳಸುವ ಪಟ್ಟಿಗೆ ಈಗಲೂ ಅವನದೇ ಹೆಸರು. ಏಳು ವರ್ಷದ ಮೇಲೆ ಅಮೆರಿಕದ ಎಡ್ವರ್ಡ್ ಕರ್ವಿನ್ ಅದಕ್ಕೊಂದು ಮೇಲುಪದರ ಸೇರಿಸಿ ಲೆಕ್ಕ ಬರೆದ: ಮೆತ್ತನೆಯ ಅಂಟಿನ ಮೇಲೆ ತೆಳು ಲೋಹದ ಹಾಳೆ. ದಪ್ಪ ಪುಸ್ತಕವನ್ನು ಬಾಗಿಸಿ ನೋಡಿ, ಹಾಳೆಗಳು ಒಂದರ ಮೇಲೊಂದು ಜಾರುತ್ತವೆ. ಆ ಹಾಳೆಗಳ ನಡುವೆ ಜೋನಿಬೆಲ್ಲ ಸವರಿದ್ದರೆ? ಜಾರಲು ಹೆಣಗಬೇಕು, ಆ ಹೆಣಗಾಟದಲ್ಲೇ ಕಂಪನದ ಶಕ್ತಿ ಇಷ್ಟಿಷ್ಟೇ ಶಾಖವಾಗಿ ಕರಗುತ್ತದೆ.

ಇನ್ನು ಆ ಜೋನಿಬೆಲ್ಲದಂಥ ಪದಾರ್ಥ: ಬ್ಯೂಟೈಲ್ ರಬ್ಬರ್. 1937ರಲ್ಲಿ ವಿಲಿಯಂ ಸ್ಪಾರ್ಕ್ಸ್, ರಾಬರ್ಟ್ ಥಾಮಸ್ ಎಂಬ ರಸಾಯನಶಾಸ್ತ್ರಜ್ಞರು ಕಂಡುಹಿಡಿದದ್ದು. ಗಾಳಿಯನ್ನು ಸುಲಭಕ್ಕೆ ಬಿಟ್ಟುಕೊಡದ ಗುಣದಿಂದ ಅದು ಟೈರಿನ ಟ್ಯೂಬಾಯಿತು. ಚೆಂಡಿನಂತೆ ಪುಟಿಯದೆ ಪೆಟ್ಟನ್ನು ನುಂಗಿಕೊಳ್ಳುವ ಸೋಮಾರಿತನವೂ ಅದಕ್ಕಿದೆ. ಚಕ್ರದಲ್ಲಿದ್ದದ್ದು ಬಾಗಿಲಿಗೆ ಏರಿದ್ದು ಆ ಸೋಮಾರಿತನದ ಬಲದಿಂದ.

ಇಲ್ಲಿ ಮೃದಂಗ ನೆನಪಾಗದೆ ಇರದು. ತೊಗಲಿನ ಮೇಲೆ ಕರಣೆಯ ಕಪ್ಪು ಲೇಪ ಹಚ್ಚಿದರೆ ಒರಟು ಸದ್ದು ಹೇಗೆ ಶ್ರುತಿಗೆ ಒಗ್ಗುತ್ತದೆ ಎಂಬುದನ್ನು ಸಿ.ವಿ. ರಾಮನ್ 1920ರಲ್ಲಿಯೇ ವಿವರಿಸಿದ್ದರು, ಬೆಂಗಳೂರಿಗೆ ಬಂದ ಮೇಲೆ ಇನ್ನಷ್ಟು ವಿಸ್ತರಿಸಿದರು. ಅಲ್ಲಿ ಹಚ್ಚುವುದು ಹಾಡಿಸಲು, ಇಲ್ಲಿ ಅಂಟಿಸುವುದು ಹಾಡು ನಿಲ್ಲಿಸಲು.

ಕಾರು ಕಂಪನಿಗಳಿಗೆ ಈ ವಿಷಯ ಗೊತ್ತಿಲ್ಲವೆಂದೇನಲ್ಲ. ಬಂಗಾಳಿ ತಂದೆಯ ಮಗ, ಸ್ಪೀಕರ್ ತಯಾರಕ ಅಮರ್ ಬೋಸ್ ಜನರಲ್ ಮೋಟಾರ್ಸ್ ಜೊತೆ ಸೇರಿ, ಆಯಾ ಕಾರಿನ ಒಳಾಂಗಣಕ್ಕೆ ಹೊಂದಿಸಿದ ಸ್ಪೀಕರ್ ವ್ಯವಸ್ಥೆಯನ್ನು 1983ರ ಮಾದರಿಯ ಕ್ಯಾಡಿಲಾಕ್‌ಗಳಿಗೆ ಕೊಟ್ಟರು. ಅದು ಸಿರಿವಂತರ ಕಾರು. ಮಿಕ್ಕವರು ತಮ್ಮ ಕಾರನ್ನು ತಾವೇ ಬಿಚ್ಚಿದರು. ಡಾಂಬರಿನ ಹಾಳೆಯಿಂದ ಶುರುವಾದ ಈ ಹವ್ಯಾಸ, ಅಮೆರಿಕದ ಒಹಾಯೊದ 'ಡೈನಮ್ಯಾಟ್'ನಂಥ ಹಾಳೆಗಳು ಬಂದ ಮೇಲೆ ಒಂದು ಮಾರುಕಟ್ಟೆಯೇ ಆಯಿತು. ಡಾಂಬರು ಅಗ್ಗ ನಿಜ, ಆದರೆ ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಅದು ಮೆತ್ತಗಾಗಿ ನಾರುತ್ತದೆ. ಬ್ಯೂಟೈಲ್‌ಗೆ ಕಾಸು ಜಾಸ್ತಿ. ನನ್ನ ಮತ ಅದಕ್ಕೇ.

ಇಡೀ ಬಾಗಿಲಿಗೆ ಬೆಳ್ಳಿಬಣ್ಣದ ಈ ಹಾಳೆ ಹೊದಿಸಬೇಕು ಎನ್ನುವುದು ಮಾರುವವರ ಆಸೆ. ಹೊರತಗಡಿನ ನಡುಭಾಗದಲ್ಲಿ, ಕುಟ್ಟಿದರೆ ಹೆಚ್ಚು ಅನುರಣಿಸುವ ಕಡೆ ಕಾಲುಭಾಗದಷ್ಟು ಅಂಟಿಸಿದರೂ ತಗಡಿನ ಗಲಾಟೆ ಬಹುಮಟ್ಟಿಗೆ ಅಡಗುತ್ತದೆ. ಧೂಳು, ಜಿಡ್ಡು ಒರೆಸಿ, ರೋಲರಿನಿಂದ ಒತ್ತಿ ಗಾಳಿಗುಳ್ಳೆ ತೆಗೆಯಬೇಕು. ನಿಜವಾದ ದುಡಿಮೆ ಇರುವುದು ಒಳತಗಡಿನ ಕಿಂಡಿಗಳನ್ನು ಮುಚ್ಚುವುದರಲ್ಲಿ. ಬಾಗಿಲು ಪೆಟ್ಟಿಗೆಯಾಗುವುದು ಆಗಲೇ, ಬೇಸ್ ಮರಳುವುದೂ ಆಗಲೇ. ನನ್ನ ಕಾರಿನಲ್ಲಿ ಹಳೆಯ ಸ್ಪೀಕರನ್ನೇ ಮತ್ತೆ ಹಾಕಿ ಕೇಳಿಸಿದರು. ಹೊಸದು ಕೊಂಡದ್ದಕ್ಕೆ ಸ್ವಲ್ಪ ಹೊಟ್ಟೆ ಉರಿಯಿತು.

ಆಷಾಢದ ಮಳೆ ಹಿಡಿದ ಮೇಲೆ ಎಡಬಾಗಿಲು ತೆಗೆದಾಗಲೆಲ್ಲ ಒಳಗೆ ಗುಳಗುಳ. ಮತ್ತೆ ಅದೇ ಅಂಗಡಿಗೆ ಹೋದೆ. ಹಾಳೆ ಅಂಟಿಸುವ ಭರದಲ್ಲಿ ಬಾಗಿಲ ಅಡಿಯ ನೀರು ಹೋಗುವ ತೂತುಗಳನ್ನೂ ಮುಚ್ಚಿಬಿಟ್ಟಿದ್ದರು. ಹುಡುಗನೊಬ್ಬ ಬಗ್ಗಿ ಸ್ಕ್ರೂಡ್ರೈವರಿನಿಂದ ಚುಚ್ಚಿದ. ಒಂದು ಚೊಂಬಿನಷ್ಟು ಕೆಂಪು ನೀರು, ಜೊತೆಗೆ ಹೋದ ಸಲ ಕಳೆದಿದ್ದ ಡೋರ್ ಪ್ಯಾಡಿನ ಕ್ಲಿಪ್ಪು, ಎರಡೂ ರಸ್ತೆಗೆ ಬಿದ್ದವು.