ಉಷ್ಣರವವೂ ಗುಪ್ತ ಕೀಲಿಕೈಯೂ

ಗೂಢಲಿಪಿಯು ಎಷ್ಟು ಜಟಿಲವಾಗಿದ್ದರೂ ಅದನ್ನು ಬಿಡಿಸುವ ಕೀಲಿಕೈಯು ಪರರ ವಶವಾದರೆ ವ್ಯರ್ಥವೇ ಸರಿ. ಕೆಂಪುನಾರಾಯಣನ ‘ಮುದ್ರಾಮಂಜೂಷ’ವನ್ನು (೧೮೨೩) ಬಲ್ಲವರಿಗೆ ಇದು ಹೊಸ ಮಾತಲ್ಲ; ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಕೈಸೇರಿದುದೇ ಅವನ ಪಕ್ಷವು ಒಡೆಯುವುದಕ್ಕೆ ಕಾರಣವಾಯಿತು. ದೂರದಲ್ಲಿರುವ ಇಬ್ಬರು, ದೂತನನ್ನು ನಂಬದೆ, ಅನ್ಯರು ಕಿವಿಗೊಡಬಹುದಾದ ತಂತಿಯ ಮೂಲಕವೇ ಕೀಲಿಕೈಯೊಂದನ್ನು ಪಡೆಯಬಲ್ಲರೆ? ಭೌತವಿಜ್ಞಾನಿ ಲಾಸ್ಲೋ ಕಿಶ್ ೨೦೦೫ರಲ್ಲಿ ಸೂಚಿಸಿದ ಉಪಾಯವನ್ನು ಇಲ್ಲಿ ವಿವರಿಸಲಾಗುವುದು.

ವಿದ್ಯುತ್ತಿಗೆ ಅಡ್ಡಿಯೊಡ್ಡುವ ರೋಧಕದೊಳಗೆ ಎಲೆಕ್ಟ್ರಾನುಗಳು ಶಾಖದ ನಿಮಿತ್ತ ಎಡೆಬಿಡದೆ ಚಲಿಸುತ್ತಿರುತ್ತವೆ. ಇದರಿಂದ ಅದರ ತುದಿಗಳಲ್ಲಿ ಕ್ರಮರಹಿತವಾದ ಅತ್ಯಲ್ಪ ವಿಭವಾಂತರವುಂಟಾಗುತ್ತದೆ. ಇದನ್ನು ಉಷ್ಣರವವೆಂದು ಕರೆಯೋಣ. ೧೯೨೮ರಲ್ಲಿ ಜಾನ್ಸನ್ ಇದರ ಅಳತೆಗಳನ್ನೂ ನೈಕ್ವಿಸ್ಟ್ ಇದರ ಸೂತ್ರವನ್ನೂ ಪ್ರಕಟಿಸಿದರು. ರೋಧವೂ ತಾಪವೂ ಹೆಚ್ಚಿದಷ್ಟೂ ಈ ರವವು ಹೆಚ್ಚು. ಸಾಧಾರಣ ತಾಪದಲ್ಲಿ ೧೦,೦೦೦ ಓಮ್ ರೋಧಕವು ೧೦,೦೦೦ ಹರ್ಟ್ಸ್ ಆವೃತ್ತಿವ್ಯಾಪ್ತಿಯಲ್ಲಿ ಸುಮಾರು ೧.೩ ಮೈಕ್ರೋವೋಲ್ಟ್ ಕೊಡುತ್ತದೆ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಟೆಂಡರಿಗೆ ನಮೂದಿಸುವ ಬೆಲೆಯು ತೆರೆಯುವವರೆಗೆ ಗುಟ್ಟಾಗಿರಬೇಕು. ಮೊದಲೇ ಹೊರಬಿದ್ದರೆ ಪೈಪೋಟಿಯು ಕುಗ್ಗಿ ಬೆಳೆಗಾರನಿಗೂ ಹಾನಿ. ಹಾವೇರಿಯ ವರ್ತಕನೂ ರಾಣೆಬೆನ್ನೂರಿನ ಅವನ ಪಾಲುದಾರನೂ ಇಂಥ ಬೆಲೆಯನ್ನು ತಂತಿಯಲ್ಲಿ ಗೂಢವಾಗಿ ತಿಳಿಸಿಕೊಳ್ಳಬೇಕಾಗಿದೆಯೆಂದೂ, ನಡುವೆ ಬ್ಯಾಡಗಿಯಲ್ಲೊಬ್ಬನು ಅದೇ ತಂತಿಗೆ ಮಾಪಕವನ್ನು ಜೋಡಿಸಿರುವನೆಂದೂ ಊಹಿಸೋಣ. ಎರಡೂ ತುದಿಗಳಲ್ಲಿ ಅಲ್ಪರೋಧದ್ದೊಂದು, ಅಧಿಕರೋಧದ್ದೊಂದು ರೋಧಕಗಳುಂಟು. ಕಿರಿದು, ಹಿರಿದು ಎನ್ನೋಣ. ಪ್ರತಿ ಸುತ್ತಿನಲ್ಲಿಯೂ ಇಬ್ಬರೂ ಚೀಟಿಯೆತ್ತಿದಂತೆ ಒಂದನ್ನಾರಿಸಿ ತಂತಿಗೆ ಸೇರಿಸುತ್ತಾರೆ. ಇಬ್ಬರದೂ ಕಿರಿದಾದರೆ ತಂತಿಯ ವಿಭವರವವು ಕನಿಷ್ಠ, ಹಿರಿದಾದರೆ ಗರಿಷ್ಠ. ಈ ಸುತ್ತುಗಳನ್ನು ಬಿಟ್ಟುಬಿಡಬೇಕು. ಬೇರೆಬೇರೆಯಾದರೆ ರವವು ಮಧ್ಯಮ. ಆಗ ತನ್ನದನ್ನು ಬಲ್ಲ ಹಾವೇರಿಯವನು ಆಚೆಯದನ್ನು ತಿಳಿಯುತ್ತಾನೆ, ರಾಣೆಬೆನ್ನೂರಿನವನೂ ಹಾಗೆಯೇ. ಬ್ಯಾಡಗಿಯವನಿಗೆ ಹಿರಿದೊಂದು ಕಿರಿದೊಂದು ಇವೆಯೆಂದು ತಿಳಿದೀತೇ ಹೊರತು ಯಾವುದು ಎಲ್ಲಿದೆಯೆಂಬುದು ತಿಳಿಯದು. ಹಾವೇರಿಯಲ್ಲಿ ಹಿರಿದಿದ್ದರೆ ೧, ಕಿರಿದಿದ್ದರೆ ೦ ಎಂದು ಬರೆದುಕೊಂಡರೆ ಆ ಅಂಕೆಗಳ ಸಾಲೇ ಕೀಲಿಕೈ. ಸರಾಸರಿ ಅರ್ಧದಷ್ಟು ಸುತ್ತುಗಳು ಫಲಿಸುತ್ತವೆ.

ಇದಕ್ಕೆ ಆಧಾರವು ಉಷ್ಣಗತಿಶಾಸ್ತ್ರದ ಎರಡನೆಯ ನಿಯಮ. ಸಮತಾಪದ ಎರಡು ರೋಧಕಗಳ ನಡುವೆ ಶಕ್ತಿಯು ಸರಾಸರಿಯಲ್ಲಿ ಯಾವ ಕಡೆಗೂ ಹರಿಯದು. ಹರಿವಿಗೆ ದಿಕ್ಕಿಲ್ಲವಾದುದರಿಂದ ಕದ್ದು ಕೇಳುವವನಿಗೆ ಸುಳಿವೂ ಇಲ್ಲ.

ಆದರೆ ಈ ಸಿದ್ಧಿಯು ಆದರ್ಶ ಮಂಡಲಕ್ಕೆ ಮಾತ್ರ ಸಲ್ಲುತ್ತದೆ. ನಿಜವಾದ ತಂತಿಗೆ ತನ್ನದೇ ರೋಧವುಂಟು. ಅದರಿಂದ ಗುಟ್ಟು ಸ್ವಲ್ಪ ಸೋರುವುದೆಂದು ಶೋಯರ್ ಮತ್ತು ಯಾರಿವ್ ೨೦೦೬ರಲ್ಲಿ ಆಕ್ಷೇಪಿಸಿದರು. ತಂತಿಯಲ್ಲಿ ಅಲೆಯು ಸಾಗುವುದಕ್ಕೆ ಕಾಲವೂ ಬೇಕು. ಸುಮಾರು ೩೦ ಕಿಲೋಮೀಟರಿಗೆ ೧೫೦ ಮೈಕ್ರೋಸೆಕೆಂಡಿನಷ್ಟಾದೀತು. ಆದಕಾರಣ ದೂರ ಹೆಚ್ಚಿದಂತೆ ಮಂದಗತಿಯ ರವವನ್ನೇ ಬಳಸಬೇಕಾಗಿ, ಕೀಲಿಕೈಯು ನಿಧಾನವಾಗಿ ಬೆಳೆಯುತ್ತದೆ. ೨೦೧೩ರಲ್ಲಿ ಬೆನೆಟ್ ಮತ್ತು ರೀಡೆಲ್ ಈ ಪದ್ಧತಿಯ ಭದ್ರತೆಯನ್ನೇ ಅಲ್ಲಗಳೆದರು. ಕಿಶ್ ಮತ್ತು ಸಂಗಡಿಗರು ಪ್ರತ್ಯುತ್ತರವಿತ್ತರು.

ಇನ್ನೊಂದು ಸಂಗತಿಯುಂಟು. ಮಧ್ಯಸ್ಥನು ತಂತಿಯನ್ನು ಕತ್ತರಿಸಿ ಎರಡು ಕಡೆಗೂ ತಾನೇ ಗೆಳೆಯನಂತೆ ನಟಿಸಬಹುದು. ಅದನ್ನು ಹಿಡಿಯಲು ಇಬ್ಬರೂ ತಮ್ಮ ಅಳತೆಗಳನ್ನು ಬಹಿರಂಗವಾಗಿ ಹೋಲಿಸಬೇಕು. ಆ ಮಾತು ಗೆಳೆಯನದೇ ಎಂಬ ನಂಬಿಕೆಗೆ ಮೊದಲೇ ಹಂಚಿಕೊಂಡ ಸಣ್ಣದೊಂದು ಗುರುತು ಬೇಕು. ಉಷ್ಣರವವು ಕೀಲಿಕೈಯನ್ನು ಬೆಳೆಸಬಲ್ಲದು. ಮೊದಲ ಮುದ್ರೆಯುಂಗುರವನ್ನು ಮಾತ್ರ ಮನುಷ್ಯರೇ ಕಾಯಬೇಕು.